ಆಶ್ಚರ್ಯಪಡುವ ಕೆಲಸ

ಸತ್ತವಳನ್ನು ಮತ್ತೆ ಹೂಳಬೇಕಾಗಿತ್ತು. ಶುಕ್ರವಾರ ಉತ್ತರ ದೇಶದ ಯಾವನೋ ದೊಡ್ಡ ಪ್ರಭು ಬರುತ್ತಾನಂತೆ, ಅವನ ಕಣ್ಣೆದುರಿಗೇ ಅವಳು ಮತ್ತೊಮ್ಮೆ ಸಿಗಬೇಕಂತೆ.

ಮೇಸ್ತ್ರಿ ಸಬಾತೊ ಬಿಳಿ ಜಲ್ಲಿಯ ಬುಟ್ಟಿಯನ್ನು ಗುಂಡಿಯ ಅಂಚಿಗಿಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತ. ಕೆಳಗೆ, ಮೆಟ್ಟಿಲಡಿಯ ಇಕ್ಕಟ್ಟಾದ ಕೋಣೆಯಲ್ಲಿ, ಅವಳು ಎಂದಿನ ಹಾಗೆ ಮೊಣಕಾಲು ಮಡಿಸಿ, ಒಂದು ತೋಳನ್ನು ಮುಖಕ್ಕೆ ಅಡ್ಡ ಹಿಡಿದು ಮಲಗಿದ್ದಳು. ಅಂದರೆ ಅವಳ ಮೂಳೆಗಳು ಮಲಗಿದ್ದವು. ಬೆಟ್ಟ ಉಗುಳಿದ ಬೆಂಕಿಯಿಂದ ತಪ್ಪಿಸಿಕೊಳ್ಳಲು ಅವಳು ಆ ತೋಳನ್ನು ಎತ್ತಿ ಎಷ್ಟೋ ನೂರು ವರ್ಷವಾಗಿತ್ತು. ಇನ್ನೂ ಇಳಿಸಲು ಯಾರೂ ಬಿಟ್ಟಿರಲಿಲ್ಲ.

ಸುತ್ತಲಿನವರು ಚಿವಿತ ಎಂದು ಕರೆಯುವ ಈ ಹಾಳೂರಿನಲ್ಲಿ ಸಬಾತೊ ಗುದ್ದಲಿ ಹಿಡಿದಾಗ ಅವನ ತಲೆ ತುಂಬ ಕೂದಲಿತ್ತು. ಮೇಲೆ ದ್ರಾಕ್ಷಿ ತೋಟ, ಅಡಿಯಲ್ಲಿ ಇಡೀ ಒಂದು ಊರು. ರಾಜರ ಕಡೆಯವರು ಒಂದು ಮನೆಯನ್ನು ಅಗೆಸುವರು. ಗೋಡೆಯ ಮೇಲೆ ಒಳ್ಳೆಯ ಚಿತ್ರವಿದ್ದರೆ ಗಾರೆ ಸಮೇತ ಕೊಯ್ದು ಅರಮನೆಗೆ ಸಾಗಿಸುವರು. ಅಷ್ಟೇನೂ ಒಳ್ಳೆಯದಲ್ಲ ಅನ್ನಿಸಿದ್ದನ್ನು, ಬೇರೆ ಯಾರೂ ಕದ್ದು ಮಾರದಿರಲಿ ಎಂದು, ಪಿಕಾಸಿಯಿಂದ ಚಚ್ಚಿಸುವರು. ಆಮೇಲೆ ಪಕ್ಕದ ಮನೆಯ ಮಣ್ಣು ತೆಗೆದು ಈ ಮನೆಗೆ ಸುರಿಸುವರು. ಹೀಗೆ ಸಬಾತೊ ಅರ್ಧ ಊರನ್ನು ಅಗೆದೂ ಆಗಿತ್ತು, ಮುಚ್ಚಿಯೂ ಆಗಿತ್ತು. ಈ ಊರಿನ ಹೆಸರೇನೆಂದು ಓದಿದವರು ಬಹಳ ಕಾಲ ಜಗಳವಾಡಿದರು. ಕಡೆಗೆ ಅಕ್ಷರ ಕೆತ್ತಿದ ಕಲ್ಲೊಂದು ಸಿಕ್ಕು, ಇದು ಪೊಂಪೇಯಿ, ಇಷ್ಟು ದಿನ ಅಂದುಕೊಂಡ ಊರಲ್ಲ ಎಂದರು. ಎಲ್ಲರೂ ಟೋಪಿ ತೆಗೆದು ಕುಣಿದಾಡಿದರು. ಬುಟ್ಟಿಯ ಭಾರವೇನೂ ಬದಲಾಗಲಿಲ್ಲ.

ಇವಳು ಮೊದಲ ಸಲ ಸಿಕ್ಕಿದಾಗ ಸಬಾತೊ ನಿಜವಾಗಿಯೂ ಬೆಚ್ಚಿದ್ದ. ಜಲ್ಲಿ ಸರಿದು ಒಮ್ಮೆಲೇ ತೋಳು ಕಂಡಿತ್ತು, ಅವನು ಮಾತೆ ಮರಿಯಮ್ಮನನ್ನು ಕೂಗಿ ಹಿಂದಕ್ಕೆ ಬಿದ್ದಿದ್ದ. ಆ ಹೊತ್ತಿಗೆ ಸರಿಯಾಗಿ ಯಾರೋ ಮಾರ್ಕ್ವಿಸನೊಬ್ಬ ಗುಂಡಿಯ ಬಳಿ ನಿಂತಿದ್ದ. ಸಬಾತೊ ಬಿದ್ದದ್ದು, ಕೂಗಿದ್ದು, ಮೂಳೆ ಎದ್ದದ್ದು ಎಲ್ಲ ನೋಡಿ ಅವನು ಹಿಗ್ಗಿ ಹೀರೇಕಾಯಿಯಾದ, ಇಂಜಿನಿಯರ್ ದೊನ್ ಇಲಾರಿಯೊನನ್ನು ತಬ್ಬಿಕೊಂಡ, ಆಸ್ಥಾನದಲ್ಲಿ ಹೊಗಳಿದ. ಅಂದಿನಿಂದ ದೊನ್ ಇಲಾರಿಯೊಗೆ ದಾರಿ ಸಿಕ್ಕಿಹೋಯಿತು. ದೊಡ್ಡವರು ಬರುವ ಮುಂಚೆ ಅವಳನ್ನು ಮುಚ್ಚು. ಪಕ್ಕದಲ್ಲಿ ಉಗ್ರಾಣದಿಂದ ತಂದ ಕಿವಿಯೋಲೆ, ಒಂದು ದೀಪ ಇಡು. ಅವರು ಬಂದ ಮೇಲೆ ಅಗೆ. ಆಶ್ಚರ್ಯಪಡು. ಇಲ್ಲಿ ಮಣ್ಣು ಹೊರುವ ಕೆಲಸಕ್ಕೆ ಬೇಡಿ ತೊಟ್ಟ ಕೈದಿಗಳಿದ್ದರು, ಆಶ್ಚರ್ಯಪಡುವ ಕೆಲಸ ಮಾತ್ರ ಮೇಸ್ತ್ರಿಯ ಪಾಲಿಗೆ ಬಂದಿತ್ತು.

“ಹೋದ ಸಲ ಸರಿಯಾಗಿ ಮಾಡ್ಲಿಲ್ಲ ನೀನು,” ಎಂದ ದೊನ್ ಇಲಾರಿಯೊ, ಮೇಲೆ ಕೊಡೆಯ ನೆರಳಲ್ಲಿ ನಿಂತು. “ಒಳ್ಳೇ ಎಲೆಕೋಸು ಕಿತ್ತವನ ಹಾಗೆ ಕೂಗಿದೆ. ನಿನ್ನ ಆಶ್ಚರ್ಯ ಹಳಸಿಹೋಗಿದೆ ಕಣೋ ಸಬಾತೊ.”

“ಬುದ್ಧಿ, ಇವಳ ಪರಿಚಯ ನಂಗೆ ನನ್ನ ಹೆಂಡತಿ ಪರಿಚಯಕ್ಕಿಂತ ಜಾಸ್ತಿ ಆಗಿದೆ. ಎಲ್ಲಿಂದ ತರ್ಲಿ ಆಶ್ಚರ್ಯಾನ?”

“ಎಲ್ಲಿಂದಾದ್ರೂ ತಾ. ಈ ಸಲ ಬರೋ ಪ್ರಭು ಬರೆಯೋ ಮನುಷ್ಯ. ನೋಡಿದ್ದನ್ನೆಲ್ಲ ಬರೀತಾನೆ.”

“ಈ ಸಲ ಆದ್ಮೇಲೆ ಅವಳನ್ನ ನನಗೆ ಬಿಟ್ಕೊಡ್ತೀನಿ ಅಂದಿದ್ರಿ, ಬುದ್ಧಿ. ಹೂಳೋಕೆ.”

“ಅಂದಿದೀನಲ್ಲ? ಅಂದ ಮೇಲೆ ಮುಗೀತು. ಶುಕ್ರವಾರ ಚೆನ್ನಾಗಿ ಕೂಗು, ಸಂಜೆಗೆ ಅವಳು ನಿನ್ನವಳು.” ದೊನ್ ಇಲಾರಿಯೊ ನಗುತ್ತ ಹೊರಟುಹೋದ. ಕೆಟ್ಟ ಮನುಷ್ಯನೇನಲ್ಲ. ಮಾತು ಕೊಡುವುದೆಂದರೆ ಅವನಿಗೆ ನಶ್ಯದ ಚಿಟಿಕೆ ಕೊಟ್ಟಷ್ಟೇ ಸಲೀಸು.

ಅವಳನ್ನು ಹೂಳಬೇಕೆಂಬ ಹಟ ಸಬಾತೊನದಲ್ಲ, ಹೆಂಡತಿ ಕಾರ್ಮೊಸೀನಳದು.

ಅವರಿಗಿದ್ದವನು ಒಬ್ಬನೇ ಮಗ, ಅನಿಯೆಲ್ಲೊ. ಮೂರು ಬೇಸಿಗೆಯ ಹಿಂದೆ ಹವಳ ತೆಗೆಯುವ ದೋಣಿ ಹತ್ತಿ ಬರ್ಬರರ ಕರಾವಳಿಯ ಕಡೆ ಹೋದ. ಜೊತೆಗೆ ಹೋದ ದೋಣಿಗಳು ಬಂದವು, ಅವನ ದೋಣಿ ಬರಲಿಲ್ಲ. ಗಾಳಿಗೆ ಸಿಕ್ಕಿ ಮುಳುಗಿತೆಂದು ಕೆಲವರು, ತುರ್ಕರು ಹಿಡಿದು ಟ್ಯೂನಿಸಿನಲ್ಲಿ ಗುಲಾಮರನ್ನಾಗಿ ಮಾರಿದರೆಂದು ಕೆಲವರು. ಸತ್ತನೆಂದು ಅಳುವ ಹಾಗಿಲ್ಲ, ಬದುಕಿದ್ದಾನೆಂದು ನಗುವ ಹಾಗಿಲ್ಲ. ಅವನ ಆತ್ಮಕ್ಕಾಗಿ ಪೂಜೆ ಹೇಳಿಸೋಣವೆಂದರೆ ಪಾದ್ರಿ ದೊನ್ ಕತೆಲ್ಲೊ, “ಬದುಕಿರೋ ಹುಡುಗನ ಹೆಸರಲ್ಲಿ ಸತ್ತವರ ಪೂಜೆ ಮಾಡಿದ್ರೆ ಅವನ ಗತಿ ಏನಮ್ಮ? ಯಾವುದಾದ್ರೂ ಗುರುತು ಸಿಗ್ಲಿ,” ಎಂದುಬಿಟ್ಟ. ಕಾರ್ಮೊಸೀನ ದಿನಾ ಸಂಜೆ ಮೇಜಿನ ಮೇಲೆ ಅವನ ತಟ್ಟೆ ಇಡುತ್ತಿದ್ದಳು, ಊಟವಾದ ಮೇಲೆ ಖಾಲಿ ತಟ್ಟೆಯನ್ನೇ ತೊಳೆದು ಗೂಡಿಗೆ ಸೇರಿಸುತ್ತಿದ್ದಳು. ಸಬಾತೊ ಮಗನ ಹೆಸರೆತ್ತುವುದನ್ನೇ ಬಿಟ್ಟಿದ್ದ. ಎತ್ತಿದರೆ ಯಾವ ದನಿಯಲ್ಲಿ ಎತ್ತಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ನಮ್ಮ ಕಡೆಯ ಹೆಂಗಸರು ಇಗರ್ಜಿಯ ನೆಲಮಾಳಿಗೆಯಲ್ಲಿ ರಾಶಿಬಿದ್ದ ಬುರುಡೆಗಳಲ್ಲಿ ಒಂದನ್ನು ತಮ್ಮದೆಂದು ಇಟ್ಟುಕೊಳ್ಳುತ್ತಾರೆ. ಯಾರದೋ ಏನೋ, ಹೇಳುವವರು ಕೇಳುವವರಿಲ್ಲದ ದಿಕ್ಕಿಲ್ಲದ ಆತ್ಮ. ಅದನ್ನು ಒರೆಸುತ್ತಾರೆ, ಬಟ್ಟೆಯ ಮೇಲೆ ಕೂರಿಸುತ್ತಾರೆ, ಹೆಸರಿಡುತ್ತಾರೆ, ಸ್ವರ್ಗನರಕಗಳ ನಡುವಿನ ಬೆಂಕಿಯಲ್ಲಿ ಬೇಯುವ ಅದಕ್ಕೆ ತಂಪಾಗಲಿ ಎಂದು ಜಪಸರ ಎಣಿಸುತ್ತಾರೆ. ಬದಲಿಗೆ ಅದೂ ಇವರಿಗೊಂದು ಉಪಕಾರ ಮಾಡಬೇಕು. ಮಗಳಿಗೆ ಗಂಡು ತರಬೇಕು, ಕನಸಿಗೆ ಬಂದು ಲಾಟರಿಯ ಅಂಕಿ ಹೇಳಬೇಕು. ಮಾತು ಕೇಳದ ಬುರುಡೆಯನ್ನು ಚೆನ್ನಾಗಿ ಬೈದು ಗೋಡೆಗೆ ಮುಖ ಮಾಡಿಸಿ ಕೂರಿಸುವುದೂ ಉಂಟು.

ಇಗರ್ಜಿಯಲ್ಲಿ ಒಳ್ಳೊಳ್ಳೆಯ ಬುರುಡೆಗಳನ್ನೆಲ್ಲ ಬೇರೆಯವರು ಹಿಡಿದುಕೊಂಡಿದ್ದರು. ಕಾರ್ಮೊಸೀನ ಚಿವಿತದ ಈ ಹೆಂಗಸನ್ನು ಹಿಡಿದಳು. ಮಧ್ಯಾಹ್ನ ಗಂಡನಿಗೆ ಬುತ್ತಿ ತರುವಳು. ದೊಡ್ಡವರೆಲ್ಲ ಉಂಡು ಮಲಗಿರುವ ಆ ಹೊತ್ತಿನಲ್ಲಿ ಗುಂಡಿಗಿಳಿದು ಒದ್ದೆ ಬಟ್ಟೆಯಿಂದ ಬುರುಡೆ ಒರೆಸುವಳು. ಪಲೊಮ್ಮ ಎಂದು ಹೆಸರಿಟ್ಟಿದ್ದಳು. ಕಾವಲಿನ ಪ್ರಿಶ್ಕೊ, ಕಾಲು ಕುಂಟಾಗಿ ಸೈನ್ಯದಿಂದ ಹೊರಬಿದ್ದವನು, ಹೊರಗಿನವರನ್ನು ಒಳಗೆ ಬಿಡಬಾರದೆಂಬ ಆಜ್ಞೆಯನ್ನು ಅಷ್ಟು ಹೊತ್ತು ಮರೆತಂತೆ ಇರುತ್ತಿದ್ದ.

“ಬಂದ್ಯಾ ಅತ್ತಿಗೆ? ನಿನ್ನ ಗೆಳತಿ ಇವತ್ತು ಸ್ವಲ್ಪ ಇಳಿದುಹೋಗಿದಾಳೆ.”

“ನಿನ್ನ ಮುಖ ದಿನಾ ನೋಡಿದ್ರೆ ಯಾರಿಗಾದ್ರೂ ಇಳಿದುಹೋಗುತ್ತೆ. ಕಾಲು ತೆಗಿ ಆ ಕಡೆ.”

“ಸತ್ತವಳ ಮುಖ ಒರೆಸ್ತೀಯ, ನನ್ನ ಮುಖ ಒರೆಸೋರು ಯಾರೂ ಇಲ್ವಲ್ಲ.”

“ನೀನೂ ಸಾಯಿ, ಆಮೇಲೆ ನೋಡೋಣ,” ಎಂದು ಅವಳು ಏಣಿ ಇಳಿದಳು.

ಬುಧವಾರ ಮಧ್ಯಾಹ್ನವೂ ಇಳಿದಳು. ಪಲೊಮ್ಮನ ಮೇಲೆ ಆಗಲೇ ಮೊಣಕಾಲಿನವರೆಗೆ ಜಲ್ಲಿ ಬಿದ್ದಿತ್ತು. ಕಾರ್ಮೊಸೀನ ಮಂಡಿಯೂರಿ ಬುರುಡೆಯ ಹಣೆ, ಕೆನ್ನೆಯ ಮೂಳೆ, ಕಿವಿಯ ತೂತು ಎಲ್ಲ ಒರೆಸಿದಳು. ಮಗುವನ್ನು ಮೀಯಿಸುವವಳ ಕೈ ಅವಳದು. ಒರೆಸುತ್ತಲೇ ಮಾತಾಡಿದಳು.

“ನೋಡು ತಾಯಿ, ನಿನಗೆ ಬಿಸಿ ಎಷ್ಟಿದೆ ಅಂತ ನಂಗೊತ್ತು. ನನ್ನ ಕೈಲಾದಷ್ಟು ತಂಪು ಕೊಡ್ತಿದೀನಿ. ನೀನೂ ಒಂದು ಮಾತು ಹೇಳು. ನನ್ನ ಹುಡುಗ ನಿಮ್ಮ ಕಡೆ ಬಂದಿದಾನಾ? ಬಂದಿದ್ರೆ ಬಂದಿದಾನೆ ಅನ್ನು. ನಾನು ಕೂಗಾಡಲ್ಲ. ಇಲ್ಲ ಅಂದ್ರೆ ಇಲ್ಲ ಅನ್ನು.”

ಮೇಲೆ ರೊಟ್ಟಿ ಈರುಳ್ಳಿ ಅಗಿಯುತ್ತ ಕೂತಿದ್ದ ಸಬಾತೊ ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿಟ್ಟ. ಇದೇ ಮಾತನ್ನು ಅವಳು ಚಳಿಗಾಲದಿಂದ ಕೇಳುತ್ತಿದ್ದಳು. ಪಲೊಮ್ಮ ಕನಸಿಗೂ ಬಂದಿರಲಿಲ್ಲ.

“ಅವಳು ಹೇಗೆ ಬರ್ತಾಳೆ?” ಎಂದಳು ಕಾರ್ಮೊಸೀನ, ಏಣಿ ಹತ್ತಿ ಬಂದು. “ಇವತ್ತು ಮಣ್ಣು ಹಾಕ್ತೀರಿ, ನಾಳೆ ತೆಗೀತೀರಿ. ಅವಳಿಗೆ ತಾನು ಸತ್ತಿದೀನೋ ಇಲ್ವೋ ಅನ್ನೋದೇ ತಿಳೀತಿಲ್ಲ, ಬೇರೆಯವರ ಸುದ್ದಿ ಎಲ್ಲಿ ಹೇಳ್ತಾಳೆ? ಒಂದ್ಸಲ ನೆಟ್ಟಗೆ ಹೂಳು, ಸಬಾತೊ. ಆಮೇಲೆ ನೋಡು, ಹೇಳ್ತಾಳೆ.”

“ಶುಕ್ರವಾರ ಆದ್ಮೇಲೆ ಕೊಡ್ತಾರಂತೆ.”

“ಆಣೆ?”

“ಅವರು ಆಣೆ ಹಾಕ್ಲಿಲ್ಲ. ನಾನು ಹಾಕ್ತೀನಿ.”

ಪಾದ್ರಿಯನ್ನೂ ಅವಳು ಬಿಟ್ಟಿರಲಿಲ್ಲ. ಪಲೊಮ್ಮನಿಗೆ ಇಗರ್ಜಿಯ ನೆಲದಲ್ಲಿ ಒಂದು ಮೂಲೆ ಕೇಳಿದ್ದಳು. ದೊನ್ ಕತೆಲ್ಲೊ ಮುಖ ಸಿಂಡರಿಸಿ, “ಆ ಕಾಲದವಳಿಗೆ ಜ್ಞಾನಸ್ನಾನವೇ ಆಗಿಲ್ಲ ಕಣಮ್ಮ. ಅವಳಿಗೆ ನಡುವಿನ ಬೆಂಕಿಯಿಲ್ಲ, ಸೀದಾ ಕೆಳಗೆ. ನೀನು ಜಪ ಮಾಡೋದು ದಂಡ,” ಎಂದಿದ್ದ.

“ಅವಳ ಹತ್ರ ಯಾರಾದ್ರೂ ಹೋಗಿ ಹೇಳಿದ್ರಾ ಸ್ವಾಮಿ, ಜ್ಞಾನಸ್ನಾನ ಮಾಡಿಸ್ಕೋ ಅಂತ? ಹೇಳ್ದೇ ಇದ್ರೆ ಅವಳ ತಪ್ಪಾ?”

“ಶಾಸ್ತ್ರ ನಾನು ಬರೆದದ್ದಲ್ಲ.”

“ಬೆಂಕಿಯಂತೂ ಅವಳ ತಲೆ ಮೇಲೇ ಸುರೀತು, ಅದನ್ನ ನಾನು ಕಣ್ಣಾರೆ ನೋಡಿದೀನಿ. ಒಂದ್ಸಲ ಬೆಂದವಳನ್ನ ಮತ್ತೆ ಬೇಯಿಸೋಕೆ ದೇವರಿಗೇನು ಬೇರೆ ಕೆಲಸ ಇಲ್ವಾ?”

ದೊನ್ ಕತೆಲ್ಲೊ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋಗಿಬಿಟ್ಟಿದ್ದ. ಇಗರ್ಜಿಯ ಮೂಲೆ ಸಿಗಲಿಲ್ಲ. ತನ್ನ ಹಿತ್ತಿಲ ಅಂಜೂರದ ಗಿಡದ ಬುಡವೇ ಸಾಕೆಂದು ಕಾರ್ಮೊಸೀನ ತೀರ್ಮಾನಿಸಿದಳು.

ಶುಕ್ರವಾರ ಪ್ರಭು ಬಂದ. ಬಿಸಿಲಿಗೆ ಸುಟ್ಟು ಕೆಂಪಾದ, ಎತ್ತರದ ಮನುಷ್ಯ. ಸುಳ್ಳುಗೂದಲಿನಿಂದ ಬೆವರಿನ ಜೊತೆ ಪುಡಿಯೂ ಇಳಿದು ಕತ್ತೆಲ್ಲ ಗಂಜಿಯಾಗಿತ್ತು. ಅವನ ಹಿಂದೆ ದುಭಾಷಿ, ದುಭಾಷಿಯ ಹಿಂದೆ ಕೊಡೆ ಹಿಡಿದವನು, ಎಲ್ಲರ ಮುಂದೆ ಹಿಂದೆ ಓಡಾಡುತ್ತ ದೊನ್ ಇಲಾರಿಯೊ. ಪ್ರಭು ರಂಗಮಂದಿರ ನೋಡಿದ, ದೇವಸ್ಥಾನ ನೋಡಿದ, ಎಲ್ಲ ಕಡೆಯೂ ಕಲ್ಲನ್ನು ಮುಟ್ಟಿ ನಿಟ್ಟುಸಿರುಬಿಟ್ಟ. ದೊಡ್ಡವರಿಗೆ ಹಾಳೂರು ಕಂಡರೆ ಏನೋ ಒಂದು ಸುಖ. ಹೊಟ್ಟೆ ತುಂಬಿದವರ ಸುಖ ಅದು, ನಮಗೆ ಅರ್ಥವಾಗುವಂಥದ್ದಲ್ಲ.

ಕಡೆಗೆ ಗುಂಡಿಯ ಬಳಿ ಬಂದರು. “ಇಲ್ಲಿ ಇವತ್ತು ಬೆಳಿಗ್ಗೆಯಷ್ಟೇ ಅಗೆಯೋಕೆ ಶುರುಮಾಡಿದ್ದು, ಪ್ರಭುಗಳೇ,” ಎಂದ ದೊನ್ ಇಲಾರಿಯೊ. “ಏನು ಸಿಗುತ್ತೋ ನಮಗೂ ಗೊತ್ತಿಲ್ಲ.”

ಕೈದಿಗಳು ನೆಲ ನೋಡುತ್ತ ತುಟಿ ಕಚ್ಚಿಕೊಂಡರು. ಸಬಾತೊ ಸಣ್ಣ ಗುದ್ದಲಿ ತೆಗೆದುಕೊಂಡ. ಎಲ್ಲಿ ಎಷ್ಟು ಆಳಕ್ಕೆ ಏನಿದೆಯೆಂದು ಕೈಗೆ ಗೊತ್ತಿತ್ತು. ಮೊದಲು ದೀಪ, ಆಮೇಲೆ ಓಲೆ, ಆಮೇಲೆ ತೋಳು. ತೋಳು ಕಂಡಾಗ ಬಾಯಿ ತೆರೆದು, “ಮಾತೆ ಮರಿಯಮ್ಮಾ!” ಎಂದು ಕೂಗಿ ಒಂದು ಹೆಜ್ಜೆ ಹಿಂದೆ ಬಿದ್ದ. ಸಂತೆಯಲ್ಲಿ ಮೀನು ಮಾರುವವಳೂ ಇದಕ್ಕಿಂತ ಮನಸ್ಸಿಟ್ಟು ಕೂಗುತ್ತಾಳೆ. ಪ್ರಭುವಿಗೆ ಅಷ್ಟೇ ಸಾಕಾಯಿತು. ಅವನು ಕೊಡೆಯವನನ್ನು ನೂಕಿ ತಾನೇ ಏಣಿ ಇಳಿದ. ರೇಷ್ಮೆ ಕಾಲುಚೀಲಕ್ಕೆ ಬೂದಿ ಹತ್ತಿದ್ದನ್ನೂ ನೋಡಲಿಲ್ಲ. ಮಂಡಿಯೂರಿ ಕಣ್ಣೊರೆಸಿಕೊಂಡ. ನಿಜವಾದ ಕಣ್ಣೀರೇ. ಸಬಾತೊಗೆ ಅವನನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು. ಇನ್ನೇನು ಮುಗಿಯಿತು, ಸಂಜೆ ಮೂಳೆಯೆಲ್ಲ ಚೀಲಕ್ಕೆ ತುಂಬಿ ಅಂಜೂರದ ಬುಡಕ್ಕೆ ಒಯ್ದರಾಯಿತು ಎಂದು ಕೈ ಒರೆಸಿಕೊಂಡ.

ಆಗ ಪ್ರಭು ರುಮಾಲು ಹಾಸಿ ಪಲೊಮ್ಮನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿದ. ಏನೋ ಹೇಳಿದ.

“ಇದನ್ನ ತಮ್ಮ ಓದುಕೋಣೆಯ ಮೇಜಿನ ಮೇಲೆ ಇಟ್ಕೋಬೇಕು ಅಂತ ಪ್ರಭುಗಳ ಆಸೆ,” ಎಂದ ದುಭಾಷಿ. “ಬಾಳು ಎಷ್ಟು ಕ್ಷಣಿಕ ಅಂತ ನೆನಪಾಗ್ತಿರುತ್ತಂತೆ.”

“ಅದಕ್ಕೇನು, ಅವರದೇ ಅದು!” ಎಂದ ದೊನ್ ಇಲಾರಿಯೊ.

ಸಬಾತೊ ಒಂದು ಹೆಜ್ಜೆ ಮುಂದೆ ಬಂದ. ಕೂಗಬೇಕಾದದ್ದು ಈಗ. ಆದರೆ ಎಷ್ಟೋ ಸಲ ಸುಳ್ಳಿಗೆ ತೆರೆದ ಬಾಯಿ ನಿಜಕ್ಕೆ ತೆರೆಯಲಿಲ್ಲ. “ಬುದ್ಧಿ, ಅದು…” ಎಂದನಷ್ಟೆ. ದೊನ್ ಇಲಾರಿಯೊ ಕಣ್ಣಲ್ಲೇ ಗದರಿದ. ಪಲೊಮ್ಮ ರುಮಾಲಿನಲ್ಲಿ ಸುತ್ತಿಕೊಂಡು ಏಣಿ ಹತ್ತಿ, ಕುದುರೆಗಾಡಿ ಹತ್ತಿ, ಕಾಣದ ದೇಶಕ್ಕೆ ಹೊರಟುಹೋದಳು.

“ಮಾತು ಕೊಟ್ಟಿದ್ರಿ,” ಎಂದ ಸಬಾತೊ, ಧೂಳು ಅಡಗಿದ ಮೇಲೆ.

“ಯಾರು ಇಲ್ಲ ಅಂದ್ರು? ಮೈಯೆಲ್ಲ ಅಲ್ಲೇ ಇದೆಯಲ್ಲ, ಒಯ್ದು ಹೂತ್ಕೋ. ಹೋದದ್ದು ತಲೆ ಒಂದು ತಾನೇ?”

ಸಬಾತೊಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅವನು ಕೈದಿಗಳನ್ನು ಪಕ್ಕದ ಮನೆಗೆ ಅಟ್ಟಿ, ಅಲ್ಲಿ ತೆಗೆದ ಮಣ್ಣನ್ನೆಲ್ಲ ಮೆಟ್ಟಿಲಡಿಯ ಕೋಣೆಗೇ ಸುರಿಸಿದ. ತಲೆಯಿಲ್ಲದ ಮೈ, ಎತ್ತಿದ ತೋಳು, ಎಲ್ಲದರ ಮೇಲೂ ಮಾಡಿನವರೆಗೆ ಮಣ್ಣು ಬಿತ್ತು. ಯಾವ ಗುಂಡಿಯ ಮಣ್ಣು ಯಾವ ಗುಂಡಿಗೆ ಎನ್ನುವುದೊಂದನ್ನು ಮಾತ್ರ ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟಿದ್ದರು. ಇನ್ನು ಅವಳನ್ನು ತೆಗೆಯಬೇಕಾದರೆ ಇಡೀ ಬೇಸಿಗೆ ಬೇಕು.

ಆದರೆ ಮನೆಗೆ ಏನೆಂದು ಹೋಗುವುದು? ಆಣೆ ಹಾಕಿದವನು ತಾನು.

ಸಲಕರಣೆಯ ಕೊಟ್ಟಿಗೆಯ ಹಿಂದೆ, ಒಡೆದ ಹೆಂಚಿನ ರಾಶಿಯ ಬದಿಯಲ್ಲಿ, ಊರಬಾಗಿಲ ಓಣಿಯಲ್ಲಿ ಸಿಕ್ಕ ಮೂಳೆಗಳನ್ನು ಗುಡಿಸಿ ಹಾಕಿದ್ದರು. ತೋಳೆತ್ತಿ ಮಲಗಿದ್ದರೆ ಅವಕ್ಕೂ ಬೆಲೆ ಬರುತ್ತಿತ್ತೋ ಏನೋ, ಚೆಲ್ಲಾಪಿಲ್ಲಿಯಾಗಿ ಸಿಕ್ಕಿದ್ದರಿಂದ ಯಾರೂ ಮೂಸಿ ನೋಡಿರಲಿಲ್ಲ. ಸಬಾತೊ ಕೈಗೆ ಸಿಕ್ಕ ಬುರುಡೆಯೊಂದನ್ನು ಎಳೆದು ಬುತ್ತಿಯ ಬಟ್ಟೆಯಲ್ಲಿ ಕಟ್ಟಿಕೊಂಡ. ಬುರುಡೆ ಬುರುಡೆಯೇ, ಒರೆಸುವವಳಿಗೆ ಏನು ಗೊತ್ತಾದೀತು ಎಂದುಕೊಂಡ. ಗೊತ್ತಾಗುತ್ತದೆ ಎಂದು ಒಳಗೊಳಗೇ ಅನ್ನಿಸುತ್ತಲೂ ಇತ್ತು. ದಾರಿಯಲ್ಲಿ ಕಾಲುವೆ ದಾಟುವಾಗ ಎಡವಿದ. ಗಂಟು ಕಲ್ಲಿಗೆ ಬಡಿದು ಒಳಗೆ ಟಕ್ಕೆಂದು ಸದ್ದಾಯಿತು. ಬಿಚ್ಚಿ ನೋಡುವ ತಾಳ್ಮೆ ಅವನಿಗಿರಲಿಲ್ಲ.

ತೊರೆ ಎಂಬ ತಮ್ಮೂರಿನ ಬೀದಿಯಲ್ಲಿ ಒಣಹಾಕಿದ ಮಕರೋನಿಯ ಕೋಲುಗಳನ್ನು ಹೆಂಗಸರು ಒಳಗೆ ಸೇರಿಸುತ್ತಿದ್ದರು. ಕಾರ್ಮೊಸೀನ ಬಾಗಿಲಲ್ಲೇ ಕಾದಿದ್ದಳು. ಒಳಗೆ ಮೇಜಿನ ಮೇಲೆ ಆಗಲೇ ಮೂರು ತಟ್ಟೆ.

“ಪಲೊಮ್ಮನ್ನ ತಂದಿದೀನಿ. ಮೈಗೆಲ್ಲ ಅಲ್ಲೇ ಮಣ್ಣು ಕೊಟ್ಟೆ. ಇನ್ನು ಯಾರೂ ತೆಗೆಯಲ್ಲ.”

ಅವಳು ಕೈ ತೊಳೆದು ಬಂದು ಗಂಟು ಬಿಚ್ಚಿದಳು. ದೀಪವನ್ನು ಹತ್ತಿರ ಎಳೆದುಕೊಂಡು, ಒದ್ದೆ ಬಟ್ಟೆಯಿಂದ ಹಣೆಯ ಬೂದಿ ಒರೆಸಿದಳು. ಬಟ್ಟೆ ಅರ್ಧದಲ್ಲೇ ನಿಂತಿತು. ಸಬಾತೊ ಬೂಟು ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿ ಕೂತ.

“ಇವಳು ಪಲೊಮ್ಮ ಅಲ್ಲ.”

“ಬೆಳಕು ಸಾಲ್ದು, ಅದಕ್ಕೇ…”

“ಆರು ತಿಂಗಳು ಒರೆಸಿದೀನಿ, ಸಬಾತೊ. ಅವಳ ಹಣೆ ನುಣ್ಣಗಿತ್ತು. ಇದು ಗಂಡಸಿನ ಹಣೆ. ವಯಸ್ಸಿನ ಹುಡುಗ.”

ಸಬಾತೊ ಎಲ್ಲ ಹೇಳಿದ. ಪ್ರಭುವಿನ ರುಮಾಲು, ಕುದುರೆಗಾಡಿ, ತನ್ನ ಬಾಯಿ ಕಟ್ಟಿದ್ದು, ಹೆಂಚಿನ ರಾಶಿ. ಮುಖ ಎತ್ತದೆಯೇ ಹೇಳಿದ. “ಬೈಯಿ. ಏನು ಬೇಕಾದ್ರೂ ಬೈಯಿ. ನಿನ್ನ ಕಣ್ಣಿಗೆ ಮಣ್ಣೆರಚೋಕೆ ನೋಡಿದೆ.”

ತಲೆ ಎತ್ತಿದಾಗ ಕಾರ್ಮೊಸೀನಳ ಬೆರಳು ಬುರುಡೆಯ ಮುಂದಿನ ಹಲ್ಲಿನ ಮೇಲಿತ್ತು. ಹಲ್ಲಿನ ಒಂದು ಮೂಲೆ ಮುರಿದಿತ್ತು. ಅನಿಯೆಲ್ಲೊ ಚಿಕ್ಕವನಿದ್ದಾಗ ದ್ರಾಕ್ಷಿ ಕದಿಯಲು ಗೋಡೆ ಹತ್ತಿ ಬಿದ್ದು ಮುರಿದುಕೊಂಡದ್ದು ಅದೇ ಹಲ್ಲು, ಅದೇ ಮೂಲೆ. ನಕ್ಕರೆ ಕಳ್ಳಬೆಕ್ಕಿನ ಹಾಗೆ ಕಾಣುತ್ತಿದ್ದ.

“ಅವಳು ಹೇಳಿದಾಳೆ ನೋಡು,” ಎಂದಳು ಕಾರ್ಮೊಸೀನ. ದನಿ ಮೆತ್ತಗಿತ್ತು. “ಹೋಗೋ ಮುಂಚೆ ಹೇಳಿ ಹೋಗಿದಾಳೆ. ಗುರುತು ಇಟ್ಟು ಕಳಿಸಿದಾಳೆ.”

“ಕಾರ್ಮೊಸೀನ, ಅದು ಕೈಗೆ ಸಿಕ್ಕಿದ್ದು. ನಾನೇ ಎಳ್ಕೊಂಡೆ.”

“ಅಷ್ಟು ರಾಶಿಯಲ್ಲಿ ನಿನ್ನ ಕೈಗೆ ಇದೇ ಯಾಕೆ ಸಿಗಬೇಕಿತ್ತು?”

ಕಾಲುವೆಯ ಕಲ್ಲು, ಟಕ್ಕೆಂದ ಸದ್ದು ಸಬಾತೊನ ನಾಲಿಗೆಯ ತುದಿಗೆ ಬಂತು. ಅವಳ ಮುಖ ನೋಡಿದ. ಮೂರು ವರ್ಷದಿಂದ ಬಿಗಿಹಿಡಿದಿದ್ದ ಮುಖ ಹಗ್ಗ ಬಿಚ್ಚಿದ ಮೂಟೆಯ ಹಾಗೆ ಸಡಿಲಾಗಿತ್ತು. ಅವನು ಮಾತನ್ನು ನುಂಗಿಕೊಂಡ.

“ಪಾದ್ರಿ ಗುರುತು ಕೇಳಿದ್ರಲ್ಲ,” ಎಂದಳು ಅವಳು. “ಗುರುತು ಸಿಕ್ತು.”

“ಚಿವಿತದ್ದು ಅಂದ್ರೆ ಅವರು ಒಪ್ತಾರಾ? ಪಲೊಮ್ಮಂಗೇ ಜಾಗ ಕೊಡ್ಲಿಲ್ಲ.”

“ಚಿವಿತದ್ದು ಅಂತ ಯಾರು ಹೇಳ್ತಾರೆ? ಕಡಲು ತಂದು ಹಾಕಿತು.” ಅವಳು ಬುರುಡೆಯನ್ನು ಎದೆಗೊತ್ತಿಕೊಂಡು ಗಂಡನ ಕಡೆ ತಿರುಗಿದಳು. “ದೊಡ್ಡವರಿಗೆಲ್ಲ ಹೂತು ತೆಗೆದು ತೋರಿಸ್ತೀಯ. ನಿನ್ನ ಮಗನಿಗೆ ಒಂದ್ಸಲ ಮಾಡು.”

“ನನ್ನ ಆಶ್ಚರ್ಯ ಹಳಸಿದೆ ಅಂತಾರೆ ಕಣೇ.”

“ಇರೋದನ್ನೇ ತಾ,” ಎಂದಳು ಅವಳು.

ದೊನ್ ಕತೆಲ್ಲೊ ಮೀನಿನ ವಿಷಯದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ತಾನೇ ತೀರಕ್ಕೆ ಬಂದು, ಕಿವಿರು ಎತ್ತಿ ನೋಡಿ ಆರಿಸುತ್ತಿದ್ದ. ಮರುದಿನ ಅವನು ನಿಲುವಂಗಿ ಎತ್ತಿ ಕಟ್ಟಿಕೊಂಡು ಕರಿಮರಳಿನ ಮೇಲೆ ಬರುವಾಗ ಸಬಾತೊ ನೀರಿನಂಚಿನಲ್ಲಿ ಪಾಚಿ ಕೆದಕುತ್ತಿದ್ದ. ಕಾರ್ಮೊಸೀನ ಸ್ವಲ್ಪ ದೂರದಲ್ಲಿ ಸೌದೆ ಆಯುತ್ತಿದ್ದಳು. ಪಾಚಿಯ ಕೆಳಗೆ, ಒಂದು ಗೇಣು ಮರಳಿನಡಿ, ಅವನು ನಸುಕಿನಲ್ಲೇ ಇಟ್ಟದ್ದು ಕಾದಿತ್ತು. ಎಷ್ಟು ಆಳದಲ್ಲಿದೆಯೆಂದು ಕೈಗೆ ಗೊತ್ತಿತ್ತು.

ಪಾದ್ರಿ ಹತ್ತಿರವಾದ. ಸಬಾತೊ ಮರಳು ಸರಿಸಿದ. ಹಣೆ ಕಂಡಿತು, ಕಣ್ಣಿನ ಗುಳಿ ಕಂಡಿತು, ಮುರಿದ ಹಲ್ಲು ಕಂಡಿತು. ಇನ್ನು ಕೂಗಬೇಕು. ಮಾತೆ ಮರಿಯಮ್ಮಾ ಎನ್ನಲು ಬಾಯಿ ತೆರೆದ, ಆ ಹೆಸರು ಬರಲಿಲ್ಲ.

“ಅನಿಯೆಲ್ಲೊ!”

ಅವನ ಗಂಟಲಿನಿಂದ ಅಂಥ ದನಿ ಬಂದೀತೆಂದು ಯಾರೂ ಎಣಿಸಿರಲಿಲ್ಲ, ಅವನಂತೂ ಎಣಿಸಿರಲೇ ಇಲ್ಲ. ಬಲೆ ಎಳೆಯುತ್ತಿದ್ದವರು ಕೈಬಿಟ್ಟು ನಿಂತರು. “ಅನಿಯೆಲ್ಲೊ! ಮಗನೇ! ಅನಿಯೆಲ್ಲೊ!” ಮೂರು ವರ್ಷ ಒಳಗೇ ಕೊಳೆತಿದ್ದ ಹೆಸರು ಒಂದೇ ಸಮನೆ ಹೊರಗೆ ಬಂತು. ಮರಳಿನ ಮೇಲೆ ಬಿದ್ದು ಬಾಯಿ ಬಡಿದುಕೊಂಡು ಅತ್ತ. ಯಾರಿಗಾಗಿ ಅಳುವಂತೆ ನಟಿಸಬೇಕಿತ್ತೋ ಅವನಿಗಾಗಿಯೇ ಅತ್ತ. ಕಾರ್ಮೊಸೀನ ಸೌದೆ ಚೆಲ್ಲಿ ಓಡಿಬಂದು ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡಳು.

ದೊನ್ ಕತೆಲ್ಲೊ ಬಾಗಿ ಬುರುಡೆಯನ್ನು ಎತ್ತಿಕೊಂಡ. ತಿರುಗಿಸಿ ನೋಡುವಾಗ ಅದರ ಕಿವಿಯ ತೂತಿನಿಂದ ಹಗುರ ಜಲ್ಲಿಯ ಬಿಳಿ ಕಾಳೊಂದು ಅವನ ಅಂಗೈಗೆ ಉದುರಿತು. ಈ ತೀರದ ಮರಳು ಕಪ್ಪು. ಅಂಥ ಬಿಳಿ ಜಲ್ಲಿ ಎಲ್ಲಿ ಸಿಗುತ್ತದೆಂದು ತೊರೆ ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಪಾದ್ರಿ ಕಾಳನ್ನು ನೋಡಿದ, ಕಾರ್ಮೊಸೀನಳನ್ನು ನೋಡಿದ. ಅವಳೂ ಕಣ್ಣು ಕೆಳಗೆ ಹಾಕದೆ ಅವನನ್ನೇ ನೋಡಿದಳು. ಅವನು ಕಾಳನ್ನು ಮರಳಿಗೆ ಹಾಕಿ ಬೂಟಿನಿಂದ ಒತ್ತಿದ.

“ಹುಡುಗನ ಪೂರ್ತಿ ಹೆಸರು ಹೇಳಿ,” ಎಂದ. “ಪೂಜೆಯಲ್ಲಿ ಹೇಳ್ಬೇಕಲ್ಲ.”

ಅವತ್ತೇ ಮಧ್ಯಾಹ್ನ ಅದನ್ನು ಇಗರ್ಜಿಯ ನೆಲಕ್ಕೆ ಇಳಿಸಿದರು. ಪ್ರಿಶ್ಕೊ ಕೂಡ ಕಾವಲು ಬಿಟ್ಟು ಕುಂಟುತ್ತ ಬಂದಿದ್ದ, ಹಾಸ್ಯವನ್ನೆಲ್ಲ ಮನೆಯಲ್ಲೇ ಇಟ್ಟು ಬಂದಿದ್ದ. ಹೋಗುವಾಗ ಸಬಾತೊನ ಹೆಗಲು ಹಿಡಿದು, ಮುಂದಿನ ವಾರ ಯಾವನೋ ಡ್ಯೂಕ್ ಬರುತ್ತಾನಂತೆ, ಬೇರೆ ಹೆಣ ಹುಡುಕಬೇಕಂತೆ ಎಂದು ಪಿಸುಗುಟ್ಟಿದ. ಸಬಾತೊ ತಲೆಯಾಡಿಸಿದ. ಹುಡುಕಿದರಾಯಿತು.

ಸಂಜೆ ಕಾರ್ಮೊಸೀನ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಮೂರನೆಯದಕ್ಕೆ ಅಭ್ಯಾಸಬಲದಿಂದ ಗೂಡಿನತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಟಾಣಿಯ ಸಾರು ಬಡಿಸಿದಳು. ಸಬಾತೊ ಚಮಚ ಎತ್ತಿ ಮತ್ತೆ ಕೆಳಗಿಟ್ಟ. ಸತ್ತವರ ಮುಂದೆ, ಪಾದ್ರಿಯ ಮುಂದೆ ಸುಳ್ಳಾಡಿ ಆಗಿತ್ತು. ಇವಳ ಮುಂದೆ ಅದನ್ನು ಹೊತ್ತುಕೊಂಡು ದಿನಾ ಉಣ್ಣುವುದು ತನ್ನಿಂದಾಗದು ಅನ್ನಿಸಿತು.

“ಕಾರ್ಮೊಸೀನ. ಆ ಹಲ್ಲು…”

“ಗೊತ್ತು.”

“ಏನು ಗೊತ್ತು?”

“ಮುರಿದ ಜಾಗ ಬೆಳ್ಳಗಿತ್ತು. ಹಳೇದಾಗಿದ್ರೆ ಕಂದಾಗಿರ್ತಿತ್ತು. ಆರು ತಿಂಗಳು ಮೂಳೆ ಒರೆಸಿದವಳಿಗೆ ಅಷ್ಟೂ ಕಣ್ಣಿಲ್ವಾ?” ಅವಳು ರೊಟ್ಟಿ ಮುರಿದು ಅವನ ತಟ್ಟೆಯ ಪಕ್ಕ ಇಟ್ಟಳು. “ದಾರೀಲಿ ಬೀಳಿಸಿದೆ ಅಲ್ವಾ?”

“ಹೂಂ.” ಸಬಾತೊ ಅವಳ ಮುಖವನ್ನೇ ನೋಡಿದ. “ಗೊತ್ತಿದ್ದೂ ಯಾಕೆ ಮತ್ತೆ?”

ಕಾರ್ಮೊಸೀನ ಗೂಡಿನಲ್ಲಿದ್ದ ತಟ್ಟೆಯ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು.

“ಇನ್ನೆಷ್ಟು ದಿನ ಅಂತ ಕಾಯಲಿ, ಸಬಾತೊ? ಸುಸ್ತಾಗಿಹೋಗಿತ್ತು ನಂಗೆ.” ಆಮೇಲೆ ಕಣ್ಣು ತೆರೆದು, “ಉಣ್ಣು, ಸಾರು ಆರುತ್ತೆ,” ಎಂದಳು.